ಸಂಪಿನೊಳಗೆ ಇಳಿಯುವ ಮುನ್ನ ‘ನಿಲ್ಲು’ ಅನ್ನುವವರು ಯಾರು?

ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ನಾಲ್ಕು ಹೆಲ್ಮೆಟ್ ತಂದುಕೊಟ್ಟರೆ ಸುರಕ್ಷತೆಯ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಹೆಲ್ಮೆಟ್ಟುಗಳು ಸಿಮೆಂಟ್ ಶೆಡ್ಡಿನಲ್ಲಿ ನೇತಾಡುತ್ತಿರುತ್ತವೆ. ಒಂದರಲ್ಲಿ ಮೊಳೆ ತುಂಬಿಟ್ಟಿರುತ್ತಾರೆ. ದೊಡ್ಡ ಅಪಾರ್ಟ್‌ಮೆಂಟ್ ಕೆಲಸಕ್ಕಾದರೆ ಸೇಫ್ಟಿ ಆಫೀಸರ್ ಇರುತ್ತಾರೆ. 30x40 ಸೈಟಿನಲ್ಲಿ ಇರುವುದು ಮೇಸ್ತ್ರಿ, ಒಂದಿಬ್ಬರು ಗಾರೆಯವರು, ಮೂರ್ನಾಲ್ಕು ಆಳುಗಳು, ಅಷ್ಟೆ. ಕೆಲಸ ನಿಲ್ಲಿಸುವ ಅಧಿಕಾರ ಇವರಲ್ಲೇ ಒಬ್ಬರ ಕೈಗೆ ಹೋಗಬೇಕು.

ಮೊದಲು ಆ ಒಬ್ಬರನ್ನು ಆರಿಸಿ. ಮೇಸ್ತ್ರಿಯೇ ಆಗಬೇಕೆಂದಿಲ್ಲ. ಅವನು ಎರಡು ಮೂರು ಕಡೆ ಕೆಲಸ ಒಪ್ಪಿಕೊಂಡು ಬೈಕಿನಲ್ಲಿ ಓಡಾಡುತ್ತಿರುತ್ತಾನೆ. ಬೆಳಗ್ಗೆಯಿಂದ ಸಂಜೆವರೆಗೆ ಸೈಟಿನಲ್ಲೇ ಇರುವವರು ಬೇಕು. ನಾನು ಕಂಡಂತೆ ಬಾಂಡ್ಲಿ ಹೊರುವ ಹೆಂಗಸರು ಇದಕ್ಕೆ ತಕ್ಕವರು. ಸಾರವೆಯ ಹಲಗೆ ಅಲುಗಾಡುವುದು ಮೊದಲು ಗೊತ್ತಾಗುವುದು ಅವರ ಕಾಲಿಗೆ. ಎಲ್ಲರ ಎದುರೇ ಮೇಸ್ತ್ರಿಯ ಬಾಯಿಂದ ಹೇಳಿಸಿ: “ಈ ಅಕ್ಕ ನಿಲ್ಲಿಸಿ ಅಂದರೆ ನಿಲ್ಲಿಸಬೇಕು. ಅದಕ್ಕೆ ಯಾರ ಕೂಲಿಯನ್ನೂ ಹಿಡಿಯೋದಿಲ್ಲ.” ಎರಡನೇ ವಾಕ್ಯ ಬಿಟ್ಟರೆ ಮೊದಲನೆಯದಕ್ಕೆ ಬೆಲೆ ಇಲ್ಲ.

ಆಮೇಲೆ ದಿನಾ ಬೆಳಗ್ಗೆ ಐದು ನಿಮಿಷ ಎಲ್ಲರೂ ಸೇರಬೇಕು. ಭಾಷಣ ಬೇಡ, ಕೇಳಬೇಕು: ಇವತ್ತು ನಿನ್ನ ಕೆಲಸ ಎಲ್ಲಿ, ಅಲ್ಲಿ ಏನು ಬೀಳಬಹುದು? ಯಾದಗಿರಿಯವರು, ರಾಯಚೂರಿನವರು, ಬಿಹಾರದವರು ಒಂದೇ ಸೈಟಿನಲ್ಲಿದ್ದರೆ ಹಿಂದಿ ಬಲ್ಲ ಒಬ್ಬರು ಜೊತೆಗಿರಲಿ. ಸುಮ್ಮನೆ ತಲೆಯಾಡಿಸಿದರೆ ಅರ್ಥವಾಯಿತು ಅಂದುಕೊಳ್ಳಬೇಡಿ. ನಂತರ ಒಂದು ಸುತ್ತು: ಸಾರವೆಯ ಹಗ್ಗ, ವೈರಿನ ಜಾಯಿಂಟು, ಡಕ್ಟಿನ ತೂತು. ತೂತಿನ ಮೇಲೆ ಪ್ಲೈವುಡ್ ಬರೀ ಇಟ್ಟಿದ್ದರೆ ಮೊಳೆ ಹೊಡೆಸಿ. ಯಾವುದೋ ಬಿಡಿ ಹಲಗೆ ಅಂತ ಅದನ್ನು ಎತ್ತಿಕೊಂಡು ಮುಂದೆ ಹೆಜ್ಜೆ ಇಟ್ಟವನು ನೇರ ಕೆಳಗೆ ಹೋಗುತ್ತಾನೆ.

ಈಗ ಸಂಪಿನ ಸೆಂಟ್ರಿಂಗ್ ಬಿಚ್ಚುವ ವಿಚಾರ. ಸಂಪಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ಎಷ್ಟೋ ಸಲ ಸತ್ತವರು ಇಬ್ಬರು. ಎರಡನೆಯವನು ಮೊದಲನೆಯವನನ್ನು ಎತ್ತಲು ಹಾರಿದವನು. ಮೋಲ್ಡ್ ಹಾಕಿ ವಾರಗಟ್ಟಲೆ ಮುಚ್ಚಿಟ್ಟ ಸಂಪಿನೊಳಗೆ ನೀರು ನಿಂತಿರುತ್ತದೆ. ಹಲಗೆ, ಪ್ಲೈವುಡ್, ಮರದ ಕಂಬ ನೆಂದು ಕೊಳೆಯುತ್ತವೆ. ಕೊಳೆಯುವಾಗ ಒಳಗಿನ ಆಮ್ಲಜನಕ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21ರಷ್ಟಿರುತ್ತದೆ. ಅದು ಶೇ 10ಕ್ಕಿಂತ ಕೆಳಗಿಳಿದಲ್ಲಿ ಮನುಷ್ಯ ಕೂಗುವ ಮೊದಲೇ ಕುಸಿಯಬಹುದು. ವಾಸನೆ ಬಂದೇ ಬರುತ್ತದೆ ಅಂತೇನಿಲ್ಲ. “ಹೊಸಾ ಸಂಪು ಸಾರ್, ಅದರಲ್ಲೇನು ಗ್ಯಾಸು?” ಎನ್ನುವ ಮೇಸ್ತ್ರಿಯ ಮಾತು ನಂಬಬೇಡಿ.

ಹಿಂದಿನ ದಿನವೇ ಮುಚ್ಚಳ ತೆಗೆಸಿ. ಬಾಯಿ ಎರಡಿದ್ದರೆ ಎರಡನ್ನೂ ತೆಗೆಸಿ. ನೀರನ್ನು ಮೇಲಿನಿಂದಲೇ ಎತ್ತಿಸಿ. ಪೆಟ್ರೋಲ್, ಡೀಸೆಲ್ ಪಂಪನ್ನು ಒಳಗೆ ಇಳಿಸಲೇಬಾರದು, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬ್ಲೋವರಿನ ಪೈಪನ್ನು ತಳದವರೆಗೆ ಬಿಟ್ಟು ಗಾಳಿ ಊದಿಸಿ. ಆಳು ಒಳಗಿರುವಷ್ಟು ಹೊತ್ತೂ ಅದು ಓಡುತ್ತಿರಲಿ. ಮೋಂಬತ್ತಿ ಇಳಿಸಿ ನೋಡುವ ರೂಢಿ ಇದೆ. ಅದು ಉರಿದ ಮಾತ್ರಕ್ಕೆ ಒಳಗಿನ ಗಾಳಿ ಸರಿಯಿದೆ ಅಂತಲ್ಲ, ಬಳಸಿದ ಶೌಚಗುಂಡಿಯಲ್ಲಂತೂ ಬೆಂಕಿ ಹೊತ್ತಿಕೊಳ್ಳಬಹುದು. ಆಮ್ಲಜನಕ ಅಳೆಯುವ ಮೀಟರ್ ಇರುವ ಗುತ್ತಿಗೆದಾರನನ್ನು ಹಿಡಿಯುವುದೇ ಸರಿ. ಇಳಿಯುವವನಿಗೆ ಬೆಲ್ಟು, ಹಗ್ಗ; ಹಗ್ಗದ ತುದಿ ಮೇಲಿರುವವರ ಕೈಯಲ್ಲಿ. ಅವರು ಮಾತಾಡಿಸುತ್ತಲೇ ಇರಬೇಕು. ಉತ್ತರ ಬರದಿದ್ದರೆ ಎಳೆಯಬೇಕು, 112ಕ್ಕೆ ಫೋನ್ ಮಾಡಬೇಕು. ಇಳಿಯಬಾರದು. ಒಳಗಿರುವುದು ತಮ್ಮನೇ ಆಗಿರಲಿ, ಇಳಿಯಬಾರದು. ನೀವು ಆರಿಸಿದ ಆ ಅಕ್ಕನ ಮಾತು ನಡೆಯಬೇಕಾದ್ದು ಈ ಗಳಿಗೆಯಲ್ಲಿ. ಅದಕ್ಕೇ ದಿನಾ ಬೆಳಗಿನ ರೂಢಿ ಬೇಕು ಅಂದದ್ದು.

ಉಳಿದದ್ದು ಚುಟುಕಾಗಿ: ಪಾಯ 1.5 ಮೀಟರಿಗಿಂತ ಆಳವಾದರೆ ಪಕ್ಕದ ಮಣ್ಣಿಗೆ ಆಸರೆ ಕೊಡಿಸಿ, ತೋಡಿದ ಮಣ್ಣು ಅಂಚಿನಲ್ಲಿ ಗುಡ್ಡೆ ಹಾಕಿಸಬೇಡಿ. ತಾತ್ಕಾಲಿಕ ಕರೆಂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕಂಬಿ ಮೇಲಕ್ಕೆ ಎತ್ತುವಾಗ ಹತ್ತಿರದ ವಿದ್ಯುತ್ ತಂತಿ ಕಡೆ ಒಬ್ಬರ ಕಣ್ಣಿರಲಿ. ಆಳುಗಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದಾರೆಯೇ ಕೇಳಿ. ವಿವರಕ್ಕೆ ಸಹಾಯವಾಣಿ 155214. ಸೈಟಿನ ಪೂರ್ತಿ ವಿಳಾಸವನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸಿಡಿ. ಬೇರೆ ಊರಿಂದ ಬಂದವರಿಗೆ ನಿಮ್ಮ ಅಡ್ಡರಸ್ತೆಯ ನಂಬರು ಗೊತ್ತಿರುವುದಿಲ್ಲ, ಆಂಬುಲೆನ್ಸಿನವರು ಮೊದಲು ಕೇಳುವುದು ಅದನ್ನೇ.