ಕಸೆ ಅಂಗಿಯ ಖರ್ಚು-ವೆಚ್ಚ

ಹಳೆಯ ಕಾಲದ ವೇಷ ಹೊಲಿಸಲು ಹೊರಟವರು ಮೊದಲು ಆರಿಸಬೇಕಾದದ್ದು ಬಟ್ಟೆಯನ್ನಲ್ಲ, ಶತಮಾನವನ್ನು. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಭೀಮೇಶ್ವರ ಗುಡಿ ಎದ್ದದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಆ ಕಾಲದ ಶಿಲ್ಪಗಳ ಮೈಮೇಲೆ ಬಟ್ಟೆ ಕಡಿಮೆ, ಒಡವೆ ಹೆಚ್ಚು. ಅದಕ್ಕೆ ದರ್ಜಿ ಬೇಡ, ಮನೆಯ ಪಂಚೆ ಸಾಕು. ತೋಳಬಂದಿ, ಡಾಬು, ಕಂಠೀಹಾರದ ಬಾಡಿಗೆಗೇ ದುಡ್ಡು ಹೋಗುತ್ತದೆ. ವಿಜಯನಗರದ ಕಾಲಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಗಂಡಸರು ಉದ್ದ ತೋಳಿನ ಕಬಾಯಿ ತೊಟ್ಟು, ತಲೆಗೆ ಎತ್ತರದ ಕುಲ್ಲಾಯಿ ಇಟ್ಟಿದ್ದಾರೆ. ಅದೆಲ್ಲ ಹೊಲಿಗೆಯ ಕೆಲಸ.

2021ರಿಂದ ಹರಪನಹಳ್ಳಿ ತಾಲ್ಲೂಕು ವಿಜಯನಗರ ಜಿಲ್ಲೆಯಲ್ಲಿದೆ, ಹಂಪಿ ಉತ್ಸವ ಈ ಭಾಗದವರಿಗೆ ಸ್ವಂತ ಜಿಲ್ಲೆಯ ಹಬ್ಬ. ಅಲ್ಲಿನ ಮೆರವಣಿಗೆಯಲ್ಲಿ ಸಾಗುವ ತಂಡವೊಂದರಲ್ಲಿ ಈ ಅಂಕಣಕಾರ್ತಿಯ ಅಣ್ಣನ ಮಗನಿಗೆ ರಾಯರ ಕಾಲದ ಸರದಾರನ ವೇಷ ಬಂತು. ಡ್ರಾಮಾ ಡ್ರೆಸ್ ಅಂಗಡಿಯಲ್ಲಿ ಒಂದು ರಾತ್ರಿಗೆ 500 ರೂಪಾಯಿ ಬಾಡಿಗೆ, 1,000 ಮುಂಗಡ. ಬಟ್ಟೆ ನೋಡಿದರೆ ಮಿಂಚುವ ಪಾಲಿಯೆಸ್ಟರ್. ದೀವಟಿಗೆ ಪಕ್ಕದಲ್ಲಿ ನಡೆಯುವ ಹುಡುಗನಿಗೆ, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವ ಬಟ್ಟೆ ತೊಡಿಸಲು ಅಂಕಣಕಾರ್ತಿಗೆ ಮನಸ್ಸು ಬರಲಿಲ್ಲ.

ಹೊಲಿಸುವುದೆಂದು ನಿರ್ಧಾರವಾಯಿತು. ಕೈಮಗ್ಗದ ಹತ್ತಿ ಬಟ್ಟೆ ನಾಲ್ಕೂವರೆ ಮೀಟರ್, ಮೀಟರಿಗೆ 180ರಂತೆ 810 ರೂಪಾಯಿ. ಹೊಲಿಗೆ 650. ಕುಲ್ಲಾಯಿಗೆ ಜರಿ ಬ್ಲೌಸ್ ಪೀಸು, ಒಳಗೆ ಕ್ಯಾನ್ವಾಸು, ಸೇರಿ 190. ಒಟ್ಟು 1,650. ಮೂರು ಸಲ ಬಾಡಿಗೆ ತಂದರೆ 1,500. ನಾಲ್ಕನೆಯ ಸಲಕ್ಕೆ ಹೊಲಿಸಿದ್ದೇ ಅಗ್ಗ.

ನಾಲ್ಕು ಸಲ ಯಾರು ತೊಡುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹರಪನಹಳ್ಳಿಯ ದರ್ಜಿಯ ಹತ್ತಿರವಿತ್ತು. "ಗುಂಡಿ ಯಾಕ್ರೀ ಅಕ್ಕಾರ? ಕಸಿ ಹಚ್ಚಿದ್ರ ನಾಳೆ ಇವ್ನ ತಮ್ಮನೂ ಹಾಕ್ಕೋತಾನ" ಎಂದರು. ಗುಂಡಿ ಒಂದು ಮೈಯಳತೆಗೆ ಕಟ್ಟುಬೀಳುತ್ತದೆ. ಕಸೆಯನ್ನು ಬಿಗಿಯಾಗಿಯೋ ಸಡಿಲವಾಗಿಯೋ ಕಟ್ಟಬಹುದು. ಹಿಂದಿನವರು ಕಸೆ ಅಂಗಿ ತೊಡುತ್ತಿದ್ದುದರಲ್ಲಿ ಈ ಉಳಿತಾಯವೂ ಇತ್ತು. ದರ್ಜಿ ಬಟ್ಟೆಯನ್ನು ನೇರ ಪಟ್ಟಿಗಳಾಗಿ ಕತ್ತರಿಸಿ, ಕೆಳಗಿನ ಘೇರಿಗೆ ಮಾತ್ರ ತ್ರಿಕೋನದ ತುಂಡು ಸೇರಿಸಿದರು. ಉಳಿದ ಚೂರು ಅಂಗೈಯಗಲವೂ ಇರಲಿಲ್ಲ. ಕಂಕುಳ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟರು, ಮುಂದೆ ಬಿಚ್ಚಿ ಅಗಲ ಮಾಡಲು.

ಪಾದರಕ್ಷೆಗೆ ಒಂದು ಪೈಸೆಯೂ ತಗುಲಲಿಲ್ಲ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚಿನ್ನದ ಗುಲಾಬಿ ಕಸೂತಿಯ ಬಿಳಿ ಬಟ್ಟೆ ತೊಟ್ಟ ಕೃಷ್ಣದೇವರಾಯನೇ ಬರಿಗಾಲಲ್ಲಿದ್ದನೆಂದು ಬರೆದಿದ್ದಾನೆ. ಸರದಾರ ಚಪ್ಪಲಿ ಬಿಟ್ಟದ್ದು ಚರಿತ್ರೆಗೂ ಸರಿ, ಜೇಬಿಗೂ ಸರಿ.

ಹೊಸಪೇಟೆಯ ಬಸ್ಸಿನಲ್ಲಿ ಅಂಕಣಕಾರ್ತಿಗೆ ಟಿಕೆಟ್ ದುಡ್ಡಿಲ್ಲ. 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆಯಲ್ಲ. ಹುಡುಗನ ಟಿಕೆಟ್, ಊಟ, ನೀರಿನ ಬಾಟಲಿಗೆ ಮಾತ್ರ ಕೈಯಿಂದ ಹೋಯಿತು. ಇಂಥ ಉತ್ಸವಗಳಲ್ಲಿ ತಂಡಕ್ಕೆ ಗೌರವಧನ ಬರುವುದು ಕಾರ್ಯಕ್ರಮ ಮುಗಿದ ಮೇಲೆ, ಖಾತೆಗೆ. ಬಟ್ಟೆಯಂಗಡಿ, ದರ್ಜಿ, ಬಸ್ಸು ಮೊದಲೇ ಕೇಳುತ್ತವೆ. ಆ ನಡುವಿನ ದಿನಗಳಿಗೆಂದು ಸ್ವಸಹಾಯ ಸಂಘದ ಉಳಿತಾಯ ಬೇಕು. ಬರಲಿರುವ ಗೌರವಧನ ನೆಚ್ಚಿಕೊಂಡು ಬಡ್ಡಿಗೆ ತರುವುದು ಬೇಡವೇ ಬೇಡ.

ಅಮೆರಿಕದಲ್ಲಿ 1966ರಿಂದ ಮಧ್ಯಯುಗದ ಉಡುಪು ತೊಟ್ಟು ಸೇರುವ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ಎಂಬ ಸಂಸ್ಥೆಯಿದೆ. ಹೊಸಬರು ಬರಿಗೈಯಲ್ಲಿ ಬಂದರೆ ತೊಡಲು ಕೊಡಲೆಂದೇ ಅದರ ಸ್ಥಳೀಯ ಘಟಕಗಳು ಉಡುಪು ಇಟ್ಟಿರುತ್ತವೆ. ನಮ್ಮ ಊರುಗಳಿಗೂ ಇದು ಒಗ್ಗುತ್ತದೆ. ಪ್ರತಿ ನವೆಂಬರ್ 1ಕ್ಕೆ ಶಾಲೆಗಳಲ್ಲಿ ಕೃಷ್ಣದೇವರಾಯರು ಬೇಕಾಗುತ್ತಾರೆ, ಪ್ರತಿ ಮನೆಯೂ ಬೇರೆ ಬೇರೆ ಬಾಡಿಗೆ ತೆರುತ್ತದೆ. ಐದು ಮನೆಯವರು ತಲಾ 330 ಹಾಕಿದರೆ ಒಂದು ಪೂರ್ತಿ ವೇಷ ಊರಿನದಾಗುತ್ತದೆ.

ಈ ಕಬಾಯಿ ಆಗಲೇ ಎರಡು ಮನೆ ಸುತ್ತಿ ಬಂದಿದೆ. ಒಯ್ದವರು ಒಗೆದು, ನೆರಳಲ್ಲಿ ಒಣಗಿಸಿ ಕೊಡಬೇಕು, ಜೊತೆಗೆ 50 ರೂಪಾಯಿ. ಆ ದುಡ್ಡು ಕುಲ್ಲಾಯಿಗೆ. ಬೆವರಿಗೆ ಕ್ಯಾನ್ವಾಸು ಮೆತ್ತಗಾಗಿ ತುದಿ ಬಾಗತೊಡಗಿದೆ. ಬರುವ ಉತ್ಸವದೊಳಗೆ ಹೊಸದು ಹೊಲಿಸಬೇಕಿದೆ.