ಬೈಸಿಕಲ್ಲಿನಿಂದ ಅಳೆದ ದ್ವೀಪ

ಅರಬ್ಬೀ ಸಮುದ್ರದಲ್ಲಿ, ಕೊಚ್ಚಿಯಿಂದ ಸುಮಾರು 460 ಕಿಲೋಮೀಟರು ದೂರದಲ್ಲಿ, ಲಕ್ಷದ್ವೀಪ ಸಮೂಹಕ್ಕೆ ಸೇರಿದ ಅಗತ್ತಿ ಎಂಬ ಪುಟ್ಟ ದ್ವೀಪವಿದೆ. ಇದೇ ಸಮೂಹದ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವೆಂಬುದನ್ನು ನಮ್ಮಲ್ಲಿ ಈಗ ನೆನೆಯುವವರು ಕಡಮೆ. ಅಗತ್ತಿಯ ಉದ್ದ ಸುಮಾರು 7.6 ಕಿ.ಮೀ.; ಅಗಲ, ಅತಿ ಹೆಚ್ಚೆಂದರೆ, 1 ಕಿ.ಮೀ. ಗುಡ್ಡವಿಲ್ಲ, ಹೊಳೆಯಿಲ್ಲ. ಬೈಸಿಕಲ್ಲಿಗೆ ಇದಕ್ಕಿಂತ ಅನುಕೂಲವಾದ ನೆಲ ದೊರೆಯುವುದು ಕಷ್ಟ. ಗಂಟೆಗೆ 12 ಕಿ.ಮೀ. ವೇಗದಲ್ಲಿ ತುಳಿಯುವವನು 38 ನಿಮಿಷಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯನ್ನು ಸೇರುತ್ತಾನೆ; ಅಡ್ಡಲಾಗಿ ದಾಟಲು ಐದು ನಿಮಿಷ ಸಾಕು. ಈ ಐದು ನಿಮಿಷವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ದ್ವೀಪದವರ ಕುಡಿಯುವ ನೀರು ಅದನ್ನು ಅವಲಂಬಿಸಿದೆ.

ದಕ್ಷಿಣದ ತುದಿಯಿಂದ ಹೊರಡೋಣ. ಇಲ್ಲಿ ನೆಲ ಎಷ್ಟು ಕಿರಿದೆಂದರೆ, 1988ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ಓಟದ ಹಾದಿಯ ಎರಡು ಪಕ್ಕಗಳಲ್ಲಿಯೂ ಕಡಲು ಕಾಣುತ್ತದೆ. ಉತ್ತರಾಭಿಮುಖವಾಗಿ ಸಾಗಿದರೆ ಎಡಗಡೆ, ಎಂದರೆ ಪಶ್ಚಿಮಕ್ಕೆ, ಹವಳದ ದಿಬ್ಬದ ಆವರಣದೊಳಗಿನ ಆಳವಿಲ್ಲದ ಪ್ರಶಾಂತ ಜಲರಾಶಿ. ಇದಕ್ಕೆ ಲಗೂನು ಎಂದು ಹೆಸರು. ಬಲಗಡೆ ತೆರೆದ ಸಮುದ್ರ. ಲಗೂನಿನ ದಡದ ನುಣ್ಣನೆಯ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ; ಪೂರ್ವದ ದಡದಲ್ಲಿ ಬಿರುಗಾಳಿಯ ಅಲೆಗಳು ಎಸೆದ ಹವಳದ ಚೂರುಗಳ ಮೇಲೆ ಅದೇ ಚಕ್ರ ಕುಣಿಯುತ್ತದೆ. ಎರಡೂ ಒಂದೇ ವಸ್ತು. ಕಡಲಿನ ಜೀವಿಗಳು ಕಟ್ಟಿದ ಸುಣ್ಣವೇ ಇಲ್ಲಿಯ ಮಣ್ಣು, ಕಲ್ಲು ಎಲ್ಲವೂ ಆಗಿದೆ. ಮುಳುಗುತ್ತಿರುವ ಅಗ್ನಿಪರ್ವತದ ಸುತ್ತ ಹವಳವು ಮೇಲಕ್ಕೆ ಬೆಳೆದು ಇಂತಹ ದ್ವೀಪಗಳಾಗುತ್ತವೆಂದು ಡಾರ್ವಿನ್ನನು 1842ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದನು. ಶಾಂತಸಾಗರದ ಎನಿವೆಟಾಕ್ ದ್ವೀಪದಲ್ಲಿ 1952ರಲ್ಲಿ ಕೊರೆದಾಗ, ಸಾವಿರ ಮೀಟರಿಗೂ ಮೀರಿದ ಹವಳಸುಣ್ಣದ ಕೆಳಗೆ ಅಗ್ನಿಶಿಲೆ ಸಿಕ್ಕಿ ಅವನ ವಾದ ದೃಢಪಟ್ಟಿತು.

ಮುಂದೆ ಸಾಗಿದಂತೆ ನೆಲ ಅಗಲವಾಗುತ್ತದೆ, ತೆಂಗು ದಟ್ಟವಾಗುತ್ತದೆ, ಮನೆಗಳು ಮತ್ತು ಬಾವಿಗಳು ಕಾಣಿಸಿಕೊಳ್ಳುತ್ತವೆ. ಮರಳನ್ನು ತೋಡಿ, ಅದರ ಕೆಳಗಿನ ಗಟ್ಟಿ ಹವಳಗಲ್ಲಿನ ಪದರವನ್ನು ಒಡೆದರೆ ಒಂದೆರಡು ಮೀಟರಿನಲ್ಲೇ ನೀರು. ಅದು ಸಿಹಿನೀರು! ಉಬ್ಬರ ಬಂದಾಗ ಬಾವಿಯ ನೀರೂ ಏರುತ್ತದೆ, ಇಳಿತದಲ್ಲಿ ಇಳಿಯುತ್ತದೆ, ಆದರೂ ಉಪ್ಪಾಗುವುದಿಲ್ಲ. ಇದು ಹೇಗೆ?

ಸಿಹಿನೀರಿನ ಸಾಂದ್ರತೆ 1.000, ಕಡಲನೀರಿನದು 1.025. ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿರುವ ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತದೆ. ತೂಕದ ಲೆಕ್ಕ ಹಾಕಿದರೆ, ಸಮುದ್ರಮಟ್ಟದಿಂದ ಸಿಹಿನೀರು 1 ಪಾಲು ಮೇಲಿದ್ದರೆ 40 ಪಾಲು ಕೆಳಗಿರಬೇಕು. 15 ಸೆಂಟಿಮೀಟರು ಮೇಲಿದ್ದರೆ 6 ಮೀಟರು ಕೆಳಗೆ. ಹಾಲೆಂಡಿನ ಬಾಡೊನ್ ಗೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪ್ರತ್ಯೇಕವಾಗಿ ಕಂಡುಕೊಂಡ ನಿಯಮವಿದು. ದಡದಲ್ಲಿ ನೀರು ಕಡಲಿಗೆ ಸೋರಿಹೋಗುವುದರಿಂದ ಈ ರಾಶಿ ಅಂಚಿನಲ್ಲಿ ತೆಳು, ನಡುವೆ ದಪ್ಪ. ಭೂತಗನ್ನಡಿಯ ಮಸೂರದ ಆಕಾರ. (ವಾಸ್ತವದಲ್ಲಿ ಎರಡು ನೀರುಗಳ ನಡುವೆ ಕಲಬೆರಕೆಯ ಪದರವೊಂದಿದ್ದು, ಕುಡಿಯಲು ಯೋಗ್ಯವಾದ ಭಾಗ ಲೆಕ್ಕಕ್ಕಿಂತ ಕಡಮೆಯೇ.)

ಈಗ ಆ ಐದು ನಿಮಿಷಕ್ಕೆ ಬರೋಣ. ಮಳೆ, ಮರಳು ಎಲ್ಲ ಒಂದೇ ಬಗೆಯಾಗಿದ್ದರೆ, ಮಸೂರದ ದಪ್ಪ ನೆಲದ ಅಗಲದೊಡನೆ ಹೆಚ್ಚುತ್ತದೆ. ಅಗಲ ಅರ್ಧವಾದರೆ ದಪ್ಪವೂ ಅರ್ಧ. ಆದುದರಿಂದ ಒಂದು ಮೀಟರು ಉದ್ದದ ನೆಲದಡಿ ದೊರೆಯುವ ನೀರು ಕಾಲುಪಾಲು ಮಾತ್ರ. ಸವಾರನು ದಡದಿಂದ ದಡಕ್ಕೆ ಅಡ್ಡ ಹಾಯುವ ಸಮಯವನ್ನು ಗಡಿಯಾರದಲ್ಲಿ ನೋಡಿಕೊಂಡರೆ, ಎಲ್ಲಿ ನೀರು ಹೆಚ್ಚು, ಎಲ್ಲಿ ಕಡಮೆ ಎಂದು ಅಂದಾಜು ಮಾಡಬಹುದು. ಊರು ಅಗಲವಾದ ಭಾಗದಲ್ಲಿ ನೆಲೆಸಿರುವುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ.

ಇದೇ ಲೆಕ್ಕ ತಿರುಗುಮುರುಗಾಗಿಯೂ ನಡೆಯುತ್ತದೆ. ಬಿಂದಿಗೆಯಲ್ಲಿ ಸೇದುವಾಗ ಮೇಲಿನ ನೀರಷ್ಟೇ ಬರುತ್ತದೆ. ವಿದ್ಯುತ್ ಪಂಪು ಹೂಡಿ ನೀರಿನ ಮಟ್ಟವನ್ನು ಬಹುಕಾಲ 10 ಸೆಂಟಿಮೀಟರು ತಗ್ಗಿಸಿದರೆ, ಅಡಿಯಿಂದ ಉಪ್ಪುನೀರು 4 ಮೀಟರಿನವರೆಗೆ ಮೇಲೇರಬಲ್ಲದು. ಒಮ್ಮೆ ಉಪ್ಪಾದ ಬಾವಿ ಮತ್ತೆ ತಿಳಿಯಾಗಲು ಮಳೆಗಾಲಗಳನ್ನೇ ಕಾಯಬೇಕು. ಮನೆಗಳ ಪಾಯಿಖಾನೆಯ ಗುಂಡಿಗಳ ನೀರು ಸಹ ಇದೇ ಮರಳಿನಲ್ಲಿ ಇಂಗುತ್ತದೆ ಎಂಬುದನ್ನೂ ಮರೆಯಬಾರದು.

ಈ ಹೊರೆಯನ್ನು ಇಳಿಸಲು 2005ರಲ್ಲಿ ಕವರತ್ತಿಯಲ್ಲಿಯೂ 2011ರಲ್ಲಿ ಅಗತ್ತಿ ಮತ್ತು ಮಿನಿಕಾಯ್ ದ್ವೀಪಗಳಲ್ಲಿಯೂ ಕಡಲನೀರನ್ನು ಸಿಹಿಗೊಳಿಸುವ ಸ್ಥಾವರಗಳು ಆರಂಭವಾದುವು. ಮೇಲ್ಪದರದ ಬೆಚ್ಚನೆಯ ನೀರನ್ನು ಒತ್ತಡ ತಗ್ಗಿಸಿದ ಪಾತ್ರೆಯಲ್ಲಿ ಆವಿಯಾಗಿಸಿ, ಸುಮಾರು 350 ಮೀಟರು ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ದ್ರವವಾಗಿಸುತ್ತಾರೆ. ಮುಳುಗಿದ ಪರ್ವತದ ನೆತ್ತಿಯಾದ್ದರಿಂದ ಅಷ್ಟು ಆಳವು ದಡದ ಸಮೀಪದಲ್ಲೇ ಸಿಗುತ್ತದೆ. ಸ್ಥಾವರದ ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರು; 2011ರ ಜನಗಣತಿಯಂತೆ ಅಗತ್ತಿಯ ಜನಸಂಖ್ಯೆ 7,500ಕ್ಕೂ ಹೆಚ್ಚು. ತಲೆಗೆ 13 ಲೀಟರು ಬಂದಂತಾಯಿತು. ಕುಡಿಯಲು, ಅಡಿಗೆಗೆ ಅದು ಸಾಕು. ಸ್ನಾನಕ್ಕೂ ಬಟ್ಟೆ ಒಗೆಯಲೂ ಸಾಲದು. ಅದಕ್ಕೆ ಬಾವಿಯ ನೀರೇ ಬೇಕು.