ಚಲಿಸುವ ಚಿತ್ರವೂ ಓದಲು ಸಿಗುವ ಅಕ್ಷರವೂ: ಪಂಚಾಯತ್ ಜಾಲತಾಣದಲ್ಲಿ ಸಮತೋಲನ

(ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ: ಜಾಲತಾಣದ ಮಾದರಿಯು ಸಾಮಾನ್ಯ ಸಭೆಯ ಮುಂದೆ ಬಂದಾಗ ಅದರ ಅಲಂಕಾರವನ್ನು ಮಾತ್ರ ನೋಡದೆ, ನಾಗರಿಕರು ಹುಡುಕಿದಾಗ ಅದು ಸಿಗುವುದೇ ಎಂಬುದನ್ನು ಸದಸ್ಯರು ಸ್ವತಃ ಪರೀಕ್ಷಿಸಲು ಶಕ್ತರಾಗುವುದು.

ಪೀಠಿಕೆ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ನಿಂತಿರುವ ಖಾಸಗಿ ಬಸ್ಸುಗಳನ್ನು ತಾವೆಲ್ಲರೂ ಕಂಡಿದ್ದೀರಿ. ಬಣ್ಣ, ಚಿತ್ರ, ದೀಪಗಳಿಂದ ಅವು ಕಂಗೊಳಿಸುತ್ತವೆ. ಆದರೂ ಸುರತ್ಕಲ್‌ಗೆ ಹೋಗಬೇಕಾದ ಪ್ರಯಾಣಿಕರು ಮೊದಲು ನೋಡುವುದು ಬಸ್ಸಿನ ಮುಂಭಾಗದ ಫಲಕವನ್ನು. ಫಲಕವಿಲ್ಲದಿದ್ದರೆ ಎಷ್ಟೇ ಅಂದವಾದ ಬಸ್ಸಾದರೂ ಅವರು ಹತ್ತುವುದಿಲ್ಲ.

ಪಂಚಾಯತ್‌ನ ಜಾಲತಾಣಕ್ಕೂ ಈ ಮಾತು ಅನ್ವಯಿಸುತ್ತದೆ. ತಿರುಗುವ ಲಾಂಛನ, ಕಂಬಳದ ವಿಡಿಯೊ, ಒಂದರ ಹಿಂದೊಂದು ಸರಿಯುವ ಛಾಯಾಚಿತ್ರಗಳು ಇವೆಲ್ಲ ಬಸ್ಸಿನ ಅಲಂಕಾರದಂತೆ. ಅಕ್ಷರದಲ್ಲಿರುವ ಮಾಹಿತಿಯು ಫಲಕದಂತೆ. ಅಲಂಕಾರವು ಬಂದವರನ್ನು ಸಂತೋಷಪಡಿಸುತ್ತದೆ. ಜನರನ್ನು ಅಲ್ಲಿಗೆ ಕರೆತರುವುದು ಅಕ್ಷರ. ಆದುದರಿಂದ ಚಲಿಸುವ ಚಿತ್ರವು ಅಕ್ಷರದ ಜೊತೆಗಿರಬಹುದು, ಅಕ್ಷರದ ಬದಲಿಗೆ ಇರಕೂಡದು. ಇದೇ ಈ ಪಾಠದ ಸಾರ.

1. ಶೋಧಯಂತ್ರವು ಓದುವುದು ಏನನ್ನು?

ಗೂಗಲ್ ಮೊದಲಾದ ಶೋಧಯಂತ್ರಗಳು ಮೂರು ಹಂತಗಳಲ್ಲಿ ಕೆಲಸ ಮಾಡುತ್ತವೆ. ಮೊದಲು ಒಂದು ಕೊಂಡಿಯಿಂದ ಇನ್ನೊಂದಕ್ಕೆ ಸಾಗಿ ಪುಟಗಳನ್ನು ಸಂದರ್ಶಿಸುತ್ತವೆ. ಅನಂತರ ಪುಟದಲ್ಲಿರುವುದನ್ನು ಓದಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ ಪಟ್ಟಿ ಮಾಡಿಕೊಳ್ಳುತ್ತವೆ. ಕೊನೆಗೆ, ಯಾರಾದರೂ ಹುಡುಕಿದಾಗ ಆ ಪಟ್ಟಿಯಿಂದ ತಕ್ಕ ಪುಟಗಳನ್ನು ಕ್ರಮವಾಗಿ ತೋರಿಸುತ್ತವೆ.

ಈ ಪಟ್ಟಿಗೆ ಮುಖ್ಯ ಆಧಾರ ಪುಟದ ಶೀರ್ಷಿಕೆ, ಒಳ ತಲೆಬರಹ ಮತ್ತು ಬರಹ. ಚಿತ್ರದೊಳಗೆ ಮೂಡಿಸಿದ ಅಕ್ಷರವನ್ನಾಗಲೀ ವಿಡಿಯೊದಲ್ಲಿ ಆಡಿದ ಮಾತನ್ನಾಗಲೀ ಯಂತ್ರವು ಸರಿಯಾಗಿ ಗ್ರಹಿಸುವುದೆಂಬ ಭರವಸೆಯಿಲ್ಲ.

ಮಳೆಗಾಲದ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ನೇತ್ರಾವತಿಯ ನೀರು ಏರುತ್ತಿದೆ. ಕಾಳಜಿ ಕೇಂದ್ರವನ್ನು ಯಾವ ಶಾಲೆಯಲ್ಲಿ ತೆರೆಯಲಾಗಿದೆ ಎಂಬುದನ್ನು ಪಂಚಾಯತ್ ಸುಂದರವಾದ ಭಿತ್ತಿಚಿತ್ರದ ರೂಪದಲ್ಲಿ ಜಾಲತಾಣಕ್ಕೆ ಏರಿಸಿದೆ. ಊರಿನ ಹೆಸರು ಬರೆದು ಹುಡುಕಿದವರಿಗೆ ಅದು ಸಿಗುವುದಿಲ್ಲ. ಸಿಕ್ಕರೂ ಚಿತ್ರದೊಳಗಿನ ದೂರವಾಣಿ ಸಂಖ್ಯೆಯನ್ನು ಒತ್ತಿ ಕರೆ ಮಾಡಲು ಬಾರದು. ಅದೇ ಮಾಹಿತಿಯನ್ನು ನಾಲ್ಕು ಸಾಲುಗಳಲ್ಲಿ ಬರೆದು, ಶಾಲೆಯ ಹೆಸರನ್ನೂ ಜಿಲ್ಲಾ ವಿಪತ್ತು ಸಹಾಯವಾಣಿ 1077 ಅನ್ನೂ ಅಕ್ಷರದಲ್ಲೇ ನೀಡಿದ್ದರೆ ಎರಡೂ ತೊಡಕುಗಳು ಇರುತ್ತಿರಲಿಲ್ಲ.

2. ಕನ್ನಡ ಬರಹದ ವಿಶೇಷ ತೊಡಕು

ನಮ್ಮ ಕಚೇರಿಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಮುದ್ರಣದಲ್ಲಿ ಅದು ಸ್ವಚ್ಛ ಕನ್ನಡವಾಗಿ ಕಾಣುತ್ತದೆ. ಆದರೆ ಯಂತ್ರದ ಲೆಕ್ಕಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಯೂನಿಕೋಡ್‌ನಲ್ಲಿರುವ ಕನ್ನಡವನ್ನು ಮಾತ್ರ ಶೋಧಯಂತ್ರವು ಕನ್ನಡವೆಂದು ಗುರುತಿಸಬಲ್ಲದು.

ಇದನ್ನು ಪರೀಕ್ಷಿಸಲು ತಾಂತ್ರಿಕ ಜ್ಞಾನ ಬೇಕಿಲ್ಲ. ಜಾಲತಾಣದ ಅಥವಾ ಪಿ.ಡಿ.ಎಫ್.ನ ಒಂದು ಸಾಲನ್ನು ನಕಲಿಸಿ, ಮೊಬೈಲಿನ ಸಂದೇಶದ ಜಾಗದಲ್ಲಿ ಅಂಟಿಸಿ. ಕನ್ನಡವೇ ಮೂಡಿದರೆ ಸರಿ. ಇಂಗ್ಲಿಷ್ ಚಿಹ್ನೆಗಳು ಮೂಡಿದರೆ ಅದು ಹಳೆಯ ಅಕ್ಷರವಿನ್ಯಾಸ. ಸಾಲನ್ನು ಆಯ್ದುಕೊಳ್ಳಲೇ ಬಾರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ.

3. ಫ್ಲ್ಯಾಶ್ ಕಲಿಸಿದ ಪಾಠ

ಹಿಂದೆ ಅಡೋಬಿ ಫ್ಲ್ಯಾಶ್ ತಂತ್ರಾಂಶದಿಂದ ಚಲಿಸುವ ಜಾಲತಾಣಗಳನ್ನು ಕಟ್ಟುವ ರೂಢಿ ಜಗತ್ತಿನಾದ್ಯಂತ ಇತ್ತು. ಪುಟದ ಸಮಸ್ತ ಮಾಹಿತಿಯೂ ಆ ಚಲನಚಿತ್ರದೊಳಗೆ ಅಡಗಿರುತ್ತಿತ್ತು. 2019ರಲ್ಲಿ ಗೂಗಲ್ ಅಂತಹ ಮಾಹಿತಿಯನ್ನು ತನ್ನ ಪಟ್ಟಿಗೆ ಸೇರಿಸುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆಯೇ ಫ್ಲ್ಯಾಶ್‌ಗೆ ಬೆಂಬಲವನ್ನು ಕೊನೆಗೊಳಿಸಿತು. ಪೂರ್ಣವಾಗಿ ಫ್ಲ್ಯಾಶ್ ಅನ್ನೇ ನಂಬಿದ್ದ ಪುಟಗಳು ಬಳಿಕ ಖಾಲಿಯಾದವು. ಅಕ್ಷರವನ್ನು ಬೇರೆಯಾಗಿ ಇಟ್ಟುಕೊಂಡಿದ್ದವರು ಅಲಂಕಾರವನ್ನಷ್ಟೇ ಕಳೆದುಕೊಂಡರು. ಅಲಂಕಾರದ ತಂತ್ರಗಳು ಬದಲಾಗುತ್ತಿರುತ್ತವೆ. ಸಾರ್ವಜನಿಕ ದಾಖಲೆಯು ಅವುಗಳನ್ನು ಅವಲಂಬಿಸಬಾರದು.

4. ಚಲನೆಗೆ ಮಿತಿ

ಚಲನೆಯನ್ನು ಸಂಪೂರ್ಣವಾಗಿ ಕೈಬಿಡಬೇಕೆಂದು ಇದರ ಅರ್ಥವಲ್ಲ. ಹಸಿಕಸ ಮತ್ತು ಒಣಕಸವನ್ನು ವಿಂಗಡಿಸುವ ಕ್ರಮವನ್ನು ತೋರಿಸಲು ಒಂದು ನಿಮಿಷದ ವಿಡಿಯೊ ಎರಡು ಪುಟದ ಬರಹಕ್ಕಿಂತ ಪರಿಣಾಮಕಾರಿ. ಅಂತಹ ವಿಡಿಯೊದ ಕೆಳಗೆ ಅದರ ಸಾರಾಂಶವನ್ನು ಬರೆದರೆ ನೋಡುವವರಿಗೂ ಹುಡುಕುವವರಿಗೂ ಅನುಕೂಲ.

ಪುಟದ ತೂಕವನ್ನೂ ಗಮನಿಸತಕ್ಕದ್ದು. ಗೂಗಲ್ ಪ್ರಕಟಿಸಿರುವ ಅಳತೆಯಂತೆ ಪುಟದ ಮುಖ್ಯ ಭಾಗವು 2.5 ಸೆಕೆಂಡುಗಳೊಳಗೆ ಕಾಣಿಸಿಕೊಂಡರೆ ಅದು ಉತ್ತಮ ವೇಗ. ಸುಳ್ಯ, ಕಡಬ, ಬೆಳ್ತಂಗಡಿ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಂಕೇತ ದುರ್ಬಲವಾಗಿರುವಲ್ಲಿ, ಪುಟ ತೆರೆದೊಡನೆ ತಾನಾಗಿ ಓಡುವ ವಿಡಿಯೊ ಓದುಗರ ಸಮಯವನ್ನೂ ಡೇಟಾವನ್ನೂ ನುಂಗುತ್ತದೆ. ಒತ್ತಿದಾಗ ಮಾತ್ರ ವಿಡಿಯೊ ಆರಂಭವಾಗುವುದು ಸರಿಯಾದ ವ್ಯವಸ್ಥೆ.

ಜಾಲಪುಟಗಳ ಅಂತರರಾಷ್ಟ್ರೀಯ ಮಾನದಂಡದಂತೆ, ಇತರ ಮಾಹಿತಿಯ ಜೊತೆಯಲ್ಲಿ ತಾನಾಗಿ ಆರಂಭವಾಗಿ 5 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಚಲಿಸುವುದನ್ನು ನಿಲ್ಲಿಸುವ ಗುಂಡಿ ಇರಬೇಕು. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಯಾವುದೂ ಮಿನುಗಬಾರದು. ಅಪಸ್ಮಾರವುಳ್ಳವರಿಗೆ ಅದು ಅಪಾಯಕಾರಿ.

5. ಜನರು ಬಳಸುವ ಹೆಸರು

ನಮ್ಮ ಜಿಲ್ಲಾ ಕೇಂದ್ರಕ್ಕೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಭಾಷೆಯಲ್ಲಿ ಮೈಕಾಲ ಎಂದು ಹೆಸರು. ಇಂಗ್ಲಿಷ್‌ನಲ್ಲಿ ಮ್ಯಾಂಗಲೋರ್ ಎಂದಿದ್ದುದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಮಂಗಳೂರು ಆಯಿತು. ಹಳೆಯ ಹೆಸರಿನಿಂದ ಹುಡುಕುವವರು ಈಗಲೂ ಇದ್ದಾರೆ. ಗ್ರಾಮಗಳ ಹೆಸರಿಗೂ ಇಂಗ್ಲಿಷ್‌ನಲ್ಲಿ ಎರಡು ಮೂರು ಕಾಗುಣಿತಗಳಿರುವುದುಂಟು. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇದ್ದು ಊರಿನ ಮನೆಯ ತೆರಿಗೆ ಪಾವತಿಸಬಯಸುವವರು ತಮಗೆ ರೂಢಿಯಾದ ಹೆಸರನ್ನೇ ಬರೆದು ಹುಡುಕುತ್ತಾರೆ. ಆದುದರಿಂದ ಗ್ರಾಮ, ತಾಲೂಕು, ಜಿಲ್ಲೆಗಳ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ, ರೂಢಿಯ ರೂಪಗಳೊಂದಿಗೆ, ಪರಿಚಯದ ಪುಟದಲ್ಲಿ ಸಹಜವಾಗಿ ಬರೆಯತಕ್ಕದ್ದು.

6. ಕಾನೂನಿನ ಹೊಣೆ

ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 4ರಂತೆ ಸಾರ್ವಜನಿಕ ಪ್ರಾಧಿಕಾರವು ನಿಗದಿತ ಮಾಹಿತಿಯನ್ನು ತಾನಾಗಿ ಪ್ರಕಟಿಸಬೇಕು. ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನು ಪರಿಗಣಿಸಬೇಕು. ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ವಿದ್ಯುನ್ಮಾನ ಮಾಹಿತಿಯು ಅವರಿಗೂ ನಿಲುಕಬೇಕೆಂದು ಹೇಳುತ್ತದೆ. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಗಳು 2009ರಲ್ಲಿ ಮೊದಲು ಪ್ರಕಟವಾಗಿ, 2023ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡಿವೆ. ಅಂಧರ ಪರದೆ ಓದುವ ತಂತ್ರಾಂಶಕ್ಕೂ ಶೋಧಯಂತ್ರಕ್ಕೂ ಬೇಕಾದುದು ಬಹುಮಟ್ಟಿಗೆ ಒಂದೇ: ಕ್ರಮಬದ್ಧವಾದ ಅಕ್ಷರ. ಒಬ್ಬರಿಗಾಗಿ ಮಾಡಿದ್ದು ಇಬ್ಬರಿಗೂ ದಕ್ಕುತ್ತದೆ.

7. ಕಾರ್ಯಾದೇಶದಲ್ಲಿ ಸೇರಿಸಬಹುದಾದ ಷರತ್ತುಗಳು

ಅ) ಸಮಸ್ತ ಕನ್ನಡ ಬರಹವೂ ಯೂನಿಕೋಡ್‌ನಲ್ಲಿರತಕ್ಕದ್ದು.
ಆ) ಗ್ರಾಮ ಸಭೆಯ ದಿನಾಂಕ, ಟೆಂಡರ್, ತೆರಿಗೆ, ಫಲಾನುಭವಿಗಳ ಪಟ್ಟಿ, ತುರ್ತು ಸಂಖ್ಯೆಗಳು ಕಡ್ಡಾಯವಾಗಿ ಅಕ್ಷರ ರೂಪದಲ್ಲಿರತಕ್ಕದ್ದು.
ಇ) ಪ್ರತಿ ಪುಟಕ್ಕೂ ಪಂಚಾಯತ್‌ನ ಹೆಸರುಳ್ಳ ಪ್ರತ್ಯೇಕ ಶೀರ್ಷಿಕೆ ಇರತಕ್ಕದ್ದು.
ಈ) ಪ್ರತಿ ಚಿತ್ರಕ್ಕೂ ಪರ್ಯಾಯ ವಿವರಣೆ, ಪ್ರತಿ ವಿಡಿಯೊಗೂ ಸಾರಾಂಶ ನೀಡತಕ್ಕದ್ದು.
ಉ) ವಿಡಿಯೊ ಮತ್ತು ಧ್ವನಿ ತಾನಾಗಿ ಆರಂಭವಾಗಕೂಡದು.
ಊ) ಅಂತಿಮ ಹಣ ಪಾವತಿಗೆ ಮುನ್ನ ಸಾಮಾನ್ಯ ಮೊಬೈಲಿನಲ್ಲಿ ಸದಸ್ಯರ ಸಮಕ್ಷಮ ಪರೀಕ್ಷೆ ನಡೆಸತಕ್ಕದ್ದು.

ಅಭ್ಯಾಸ

1. ತಮ್ಮ ಗ್ರಾಮದ ಹೆಸರಿನೊಂದಿಗೆ ‘ಗ್ರಾಮ ಸಭೆ’ ಎಂದು ಬರೆದು ಮೊಬೈಲಿನಲ್ಲಿ ಹುಡುಕಿ. ತಮ್ಮ ಪಂಚಾಯತ್‌ನ ಮಾಹಿತಿ ಮೊದಲ ಪುಟದಲ್ಲಿದೆಯೇ?
2. ಇತ್ತೀಚಿನ ಒಂದು ಪ್ರಕಟಣೆಯ ಸಾಲನ್ನು ನಕಲಿಸಿ ಅಂಟಿಸಿ. ಕನ್ನಡ ಮೂಡಿತೇ?
3. ಚಿತ್ರ ಮತ್ತು ವಿಡಿಯೊಗಳನ್ನೆಲ್ಲ ತೆಗೆದುಹಾಕಿದರೆ ತಮ್ಮ ಜಾಲತಾಣದಲ್ಲಿ ನಾಗರಿಕರಿಗೆ ಏನು ಉಳಿಯುತ್ತದೆ?

ಮೂರನೆಯ ಪ್ರಶ್ನೆಯ ಉತ್ತರವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರೊಂದಿಗೆ ಚರ್ಚಿಸುವುದು. ಉಳಿಯುವುದು ಹೆಚ್ಚೇನೂ ಇಲ್ಲವೆಂದಾದರೆ, ತಿದ್ದುಪಡಿಯ ಕೆಲಸವನ್ನು ಅಕ್ಷರದಿಂದಲೇ ಆರಂಭಿಸುವುದು.